ಐದು ಗಂಟೆಯ ಊತ

ಅಮ್ಮನಿಗೆ ಮುದ್ದೆ ತೊಳಸಲು ಆಗದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮದು ತುಮಕೂರು ಕಡೆ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆದರೂ ರಾತ್ರಿ ಊಟಕ್ಕೆ ಮುದ್ದೆ ಇರಲೇಬೇಕು. ಅವತ್ತು ಅಮ್ಮ ಕೋಲು ಹಿಡಿದು ಎರಡು ಸುತ್ತು ತಿರುವಿದಳು. ಆಮೇಲೆ ಬಿಟ್ಟುಬಿಟ್ಟಳು. "ಕೈ ಹಿಡೀತಾನೇ ಇಲ್ಲ ಕಣೇ" ಅಂದಳು. ಎರಡೂ ಕೈಯ ಬೆರಳ ಗೆಣ್ಣುಗಳು ಊದಿದ್ದವು. ಮುಟ್ಟಿದರೆ ಬೆಚ್ಚಗಿದ್ದವು.

ಆಗ ನಾನು ಬಿ.ಫಾರ್ಮ್ ಕೊನೆಯ ವರ್ಷದಲ್ಲಿದ್ದೆ. ಉರಿಯೂತದ ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆ. ಕೆಂಪು, ಬಿಸಿ, ಊತ, ನೋವು. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣ ಇವು. ಐದನೆಯದು ಆಮೇಲೆ ಸೇರಿದ್ದು: ಊದಿದ ಭಾಗ ತನ್ನ ಕೆಲಸ ಮಾಡದೆ ಹೋಗುವುದು. ಪರೀಕ್ಷೆಯಲ್ಲಿ ಈ ಐದನೆಯದನ್ನು ನಾನು ಯಾವಾಗಲೂ ಮರೆಯುತ್ತಿದ್ದೆ. ಅವತ್ತಿನಿಂದ ಮರೆತಿಲ್ಲ.

ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ. ವಾರಕ್ಕೊಂದು ಸಲ ಮೆಥೋಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ಊರಿನಿಂದ ಬಂದ ಅಜ್ಜಿ ಮಾತ್ರ ಲಕ್ಕಿ ಸೊಪ್ಪು ಹುಡುಕಿಸಿ ತರಿಸಿದರು. ಅದನ್ನು ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ, ಅಮ್ಮನ ಕೈಗೆ ಶಾಖ ಕೊಡುತ್ತಿದ್ದರು. ಅಮ್ಮನಿಗೆ ಸ್ವಲ್ಪ ಹೊತ್ತು ಹಾಯೆನಿಸುತ್ತಿತ್ತು. ಅದು ಸೊಪ್ಪಿನಿಂದಲೋ, ಶಾಖದಿಂದಲೋ, ಅಜ್ಜಿಯ ಕೈಯಿಂದಲೋ ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಂ.ಫಾರ್ಮ್‌ನಲ್ಲಿ ಫಾರ್ಮಕಾಲಜಿ, ಅಂದರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನುವ ವಿಷಯ, ತೆಗೆದುಕೊಂಡೆ. ಪ್ರಾಜೆಕ್ಟ್ ವಿಷಯ ಕೇಳಿದಾಗ ಲಕ್ಕಿ ಎಲೆ ಅಂದೆ.

ಗೈಡ್ ಮೇಡಂ ಬೇಡ ಅನ್ನಲಿಲ್ಲ. "ಆದರೆ ಇಲಿ ಮೇಲೆ ಮಾಡಬೇಕಾಗುತ್ತೆ ಅಮ್ಮ. ಅದಕ್ಕೆ ಮನಸ್ಸು ಗಟ್ಟಿ ಇದೆಯಾ ನೋಡ್ಕೋ" ಅಂದರು. ನಾನು ಇದೆ ಅಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಬಿ.ಫಾರ್ಮ್‌ನಲ್ಲಿ ನಾವು ನೋಡಿದ್ದೆಲ್ಲ ಕಂಪ್ಯೂಟರ್ ಪರದೆಯ ಮೇಲಿನ ಇಲಿ. ಮೌಸ್ ಒತ್ತಿದರೆ ಇಂಜೆಕ್ಷನ್ ಆಗುತ್ತಿತ್ತು, ಗ್ರಾಫ್ ಬರುತ್ತಿತ್ತು.

ಕೆಲಸ ಶುರುವಾದದ್ದು ಇಲಿಯಿಂದಲ್ಲ, ಕಾಗದದಿಂದ. ನಮ್ಮ ದೇಶದಲ್ಲಿ 1960ರಲ್ಲೇ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾಯ್ದೆ ಬಂತು. ಅದರ ಅಡಿಯಲ್ಲಿ ಪ್ರಯೋಗಗಳನ್ನು ನೋಡಿಕೊಳ್ಳಲು ಒಂದು ಕೇಂದ್ರ ಸಮಿತಿ ಇದೆ. 1998ರಲ್ಲಿ ವಿವರವಾದ ನಿಯಮಗಳೂ ಬಂದವು. ಇಲಿ ಸಾಕುವ ಪ್ರತಿ ಕಾಲೇಜೂ ನೋಂದಣಿ ಮಾಡಿಸಬೇಕು. ತನ್ನದೇ ನೀತಿ ಸಮಿತಿ ಇಟ್ಟುಕೊಳ್ಳಬೇಕು. ಎಲ್ಲರೂ ಅದನ್ನು ಐಎಇಸಿ ಅಂತಲೇ ಕರೆಯುತ್ತಾರೆ. ಅದರಲ್ಲಿ ವಿಜ್ಞಾನಿಗಳಿರುತ್ತಾರೆ, ಪಶುವೈದ್ಯರಿರುತ್ತಾರೆ, ಹೊರಗಿನ ಸಂಸ್ಥೆಯವರಿರುತ್ತಾರೆ, ಕೇಂದ್ರ ಸಮಿತಿ ಕಳಿಸಿದವರೊಬ್ಬರಿರುತ್ತಾರೆ. ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಒಬ್ಬರೂ ಇರಲೇಬೇಕು. ಅವರ ಮುಂದೆ ಇಡಬೇಕಾದ ಅರ್ಜಿಯ ಹೆಸರು ಫಾರ್ಮ್ ಬಿ.

ಆ ಫಾರ್ಮ್ ತುಂಬಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಯಾವ ಪ್ರಾಣಿ, ಎಷ್ಟು, ಯಾಕೆ ಅಷ್ಟು, ಏನು ಮಾಡುತ್ತೀರಿ, ಎಷ್ಟು ನೋವಾಗುತ್ತೆ, ಕೊನೆಗೆ ಅವುಗಳ ಗತಿ ಏನು. "ಯಾಕೆ ಅಷ್ಟು" ಅನ್ನುವ ಜಾಗದಲ್ಲಿ ನಾನು ಗುಂಪಿಗೆ 6 ಅಂತ ಬರೆದಿದ್ದೆ. ನಾನು ಓದಿದ ಎಲ್ಲ ಪೇಪರ್‌ಗಳಲ್ಲೂ 6 ಇತ್ತು, ಅಷ್ಟೆ. ಮೇಡಂ ಅದನ್ನು ಹೊಡೆದುಹಾಕಿದರು. ಲೆಕ್ಕ ಮಾಡೋದು ಕಲಿಸಿದರು. ಒಂದು ಸರಳ ಸೂತ್ರ ಇದೆ: ಒಟ್ಟು ಪ್ರಾಣಿಗಳಲ್ಲಿ ಗುಂಪುಗಳ ಸಂಖ್ಯೆ ಕಳೆದರೆ ಬರುವ ಉತ್ತರ 10 ಮತ್ತು 20ರ ನಡುವೆ ಇರಬೇಕು. 10ಕ್ಕಿಂತ ಕಡಿಮೆಯಾದರೆ ಫಲಿತಾಂಶ ನಂಬುವಂತಿರಲ್ಲ, ಆ ಪ್ರಾಣಿಗಳು ಸುಮ್ನೆ ಸತ್ತಂತೆ. 20 ದಾಟಿದರೆ ಬೇಕಿಲ್ಲದೆ ಹೆಚ್ಚು ಪ್ರಾಣಿ ಬಳಸಿದಂತೆ. ನನ್ನದು ನಾಲ್ಕು ಗುಂಪು, 24 ಇಲಿ. ಕಳೆದರೆ 20. ಸರಿಯಾಗಿ ಅಂಚಿನಲ್ಲಿತ್ತು. ಜೊತೆಗೆ ಕೈ ಪಳಗಿಸಿಕೊಳ್ಳಲು 6. ಒಟ್ಟು 30.

ಸಮಿತಿಯ ಮುಂದೆ ನಿಂತ ದಿನ ನನ್ನನ್ನು ಅಲ್ಲಾಡಿಸಿದ್ದು ವಿಜ್ಞಾನಿಗಳ ಪ್ರಶ್ನೆ ಅಲ್ಲ. ವಿಜ್ಞಾನಕ್ಕೆ ಸಂಬಂಧವಿಲ್ಲದ ಆ ಸದಸ್ಯರು ನಿವೃತ್ತ ಮೇಷ್ಟರು. ಕನ್ನಡದಲ್ಲೇ ಕೇಳಿದರು: "ಈ ಕಾಯಿಲೆ ಜಾಸ್ತಿ ಬರೋದು ಹೆಂಗಸರಿಗೆ ಅಂತ ನೀವೇ ಬರೆದಿದ್ದೀರಿ. ಇಲಿ ಮಾತ್ರ ಎಲ್ಲ ಗಂಡು. ಯಾಕಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಣ್ಣಿಲಿಗಳಲ್ಲಿ ಹಾರ್ಮೋನು ಏರಿಳಿಯುತ್ತೆ, ಅಂಕಿಗಳು ಚದುರುತ್ತವೆ ಅಂತ ಓದಿದ್ದೆ. ಅದನ್ನೇ ಹೇಳಿದೆ. "ಹಾಗಾದರೆ ಏರಿಳಿತ ಇರೋ ಹೆಂಗಸಿಗೆ ಔಷಧಿ ಹೇಗೆ ಕೆಲಸ ಮಾಡುತ್ತೆ ಅಂತ ಯಾರು ನೋಡ್ತಾರೆ?" ಅಂದರು. ಕಣ್ಣಮುಂದೆ ಅಮ್ಮ ಬಂದಳು. ಪ್ರತಿ ಗುಂಪಿನಲ್ಲಿ ಮೂರು ಗಂಡು, ಮೂರು ಹೆಣ್ಣು ಅಂತ ತಿದ್ದಿಕೊಂಡು ಬಂದ ಮೇಲೆ ಒಪ್ಪಿಗೆ ಸಿಕ್ಕಿತು. ನನ್ನ ಇಡೀ ಪ್ರಾಜೆಕ್ಟಿನಲ್ಲಿ ಅತಿ ಒಳ್ಳೆಯ ತಿದ್ದುಪಡಿ ಅದೇ.

ಸೊಪ್ಪು ತಂದದ್ದು, ಅದು ಲಕ್ಕಿಯೇ ಅಂತ ಸಸ್ಯ ಬಲ್ಲವರಿಂದ ಬರೆಸಿಕೊಂಡದ್ದು, ನೆರಳಲ್ಲಿ ಒಣಗಿಸಿ ಆಲ್ಕೋಹಾಲಿನಲ್ಲಿ ಸಾರ ತೆಗೆದದ್ದು, ಇದೆಲ್ಲ ಬೇಸರದ ಕೆಲಸ. ಬಿಟ್ಟುಬಿಡುತ್ತೇನೆ.

ಅನಿಮಲ್ ಹೌಸ್ ಬಗ್ಗೆ ಹೇಳಬೇಕು. ಬೆಳಿಗ್ಗೆ ಆರಕ್ಕೆ ಹೆಬ್ಬಾಳದ ಫ್ಲೈಓವರ್ ಖಾಲಿ ಇರುವಾಗಲೇ ಬಸ್ ಹಿಡಿದು ಹೋಗುತ್ತಿದ್ದೆ. ಚಪ್ಪಲಿ ಬಿಟ್ಟು, ಬೇರೆ ಕೋಟು ಹಾಕಿ, ಒಳಗೆ ಹೋಗಬೇಕು. ಅಲ್ಲಿ 12 ಗಂಟೆ ಬೆಳಕು, 12 ಗಂಟೆ ಕತ್ತಲು. ಹೊರಗೆ ಬೆಂಗಳೂರಿನ ಬೇಸಿಗೆ ಹೇಗೇ ಇರಲಿ, ಒಳಗೆ ಒಂದೇ ಹದದ ತಂಪು. ಪಂಜರದ ಕೆಳಗೆ ಭತ್ತದ ಹೊಟ್ಟು. ಅದನ್ನೆಲ್ಲ ನೋಡಿಕೊಳ್ಳುವ ಅಣ್ಣ ಒಬ್ಬರಿದ್ದರು. ಇಲಿಯನ್ನು ಹೇಗೆ ಹಿಡಿಯಬೇಕು ಅಂತ ಕಲಿಸಿದ್ದು ಅವರೇ. ಬಾಲ ಹಿಡಿದು ಎತ್ತಬಾರದು. ಅಂಗೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಬೇಕು. ಮೊದಲ ವಾರ ಬರೀ ಎತ್ತುವುದು, ಇಳಿಸುವುದು, ಅಷ್ಟೇ. "ನಿಮ್ಮ ವಾಸನೆ ಅವಕ್ಕೆ ಗೊತ್ತಾಗಲಿ ಕಣಮ್ಮ" ಅನ್ನುತ್ತಿದ್ದರು. ಆಮೇಲೆ ಓದಿದಾಗ ಆಶ್ಚರ್ಯವಾಯಿತು. 2014ರಲ್ಲಿ ಕೆನಡಾದ ವಿಜ್ಞಾನಿಗಳು ಇದನ್ನೇ ಅಳೆದಿದ್ದರು. ಪ್ರಯೋಗ ಮಾಡುವವರು ಗಂಡಸಾಗಿದ್ದರೆ ಆ ವಾಸನೆಗೇ ಇಲಿಗಳಿಗೆ ಒತ್ತಡವಾಗಿ, ನೋವಿನ ಅಳತೆ ಬದಲಾಗುತ್ತದೆ. ಹಾಗಾಗಿ ನನ್ನ ಪ್ರಯೋಗ ಮುಗಿಯುವವರೆಗೂ ಕೋಣೆಯಲ್ಲಿ ನಾನೊಬ್ಬಳೇ ಇರಬೇಕು ಅಂತ ತೀರ್ಮಾನವಾಯಿತು.

ಈಗ ಪ್ರಯೋಗಕ್ಕೆ ಬರುತ್ತೇನೆ. ಕೆಂಪು ಕಡಲಪಾಚಿಯಿಂದ ತೆಗೆಯುವ ಕ್ಯಾರಜೀನನ್ ಅನ್ನುವ ಪದಾರ್ಥ ಇದೆ. ಐಸ್‌ಕ್ರೀಮ್ ಗಟ್ಟಿಯಾಗಲು ಹಾಕುತ್ತಾರಲ್ಲ, ಅದೇ. ಅದರ 1% ದ್ರಾವಣವನ್ನು 0.1 ಮಿಲಿಲೀಟರ್‌ನಷ್ಟು ಇಲಿಯ ಹಿಂಗಾಲಿನ ಪಾದದ ಕೆಳಗೆ ಚುಚ್ಚಿದರೆ ಪಾದ ಊದಿಕೊಳ್ಳುತ್ತದೆ. 1962ರಲ್ಲಿ ವಿಂಟರ್ ಮತ್ತು ಜೊತೆಗಾರರು ಈ ವಿಧಾನ ಪ್ರಕಟಿಸಿದರು. ಇವತ್ತಿಗೂ ಊತ ಇಳಿಸುವ ಔಷಧಿ ಹುಡುಕುವವರು ಮೊದಲು ಹಿಡಿಯುವ ದಾರಿ ಇದೇ. ಊದಿದ ಪಾದವನ್ನು ಒಂದು ಗಾಜಿನ ಕೊಳವೆಯ ನೀರಿನಲ್ಲಿ ಮುಳುಗಿಸುತ್ತೇವೆ. ಎಷ್ಟು ನೀರು ಪಕ್ಕಕ್ಕೆ ಸರಿಯಿತೋ ಅಷ್ಟು ಪಾದದ ಗಾತ್ರ. ಆ ಉಪಕರಣಕ್ಕೆ ಪ್ಲೆಥಿಸ್ಮೋಮೀಟರ್ ಅಂತಾರೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕೈ ಪಳಗಿಸಲು ಇಟ್ಟ 6 ಇಲಿಗಳ ದಿನ. ಪಾದವನ್ನು ಪ್ರತಿ ಸಲ ಒಂದೇ ಗೆರೆಯವರೆಗೆ ಮುಳುಗಿಸಬೇಕು. ಅದಕ್ಕೆ ಹಿಮ್ಮಡಿಯ ಗಂಟಿನ ಹತ್ತಿರ ಮಾರ್ಕರ್‌ನಲ್ಲಿ ಗೆರೆ ಹಾಕಿದ್ದೆ. ಇಲಿಗಳು ಅದನ್ನು ನೆಕ್ಕಿ ಅಳಿಸಿದವು. ನಾನು ಅಂದಾಜಿನಲ್ಲಿ ಮುಳುಗಿಸುತ್ತಾ ಹೋದೆ. ಸಂಜೆ ಮೇಡಂ ಬಂದು ಒಂದೇ ಇಲಿಯ ಪಾದವನ್ನು ಮೂರು ಸಲ ಅಳೆಯಲು ಹೇಳಿದರು. ಮೂರು ಸಲವೂ ಬೇರೆ ಬೇರೆ ಅಂಕಿ ಬಂತು. ಔಷಧಿಯಿಂದ ಆಗುವ ವ್ಯತ್ಯಾಸಕ್ಕಿಂತ ನನ್ನ ಕೈಯಿಂದ ಆದ ವ್ಯತ್ಯಾಸವೇ ದೊಡ್ಡದಿತ್ತು. ಆರೂ ಇಲಿಗಳ ನೋವು ವ್ಯರ್ಥವಾಯಿತು. ಅಳತೆ ಕಲಿಯಲು ಬದುಕಿರುವ ಇಲಿ ಬೇಕೇ ಇರಲಿಲ್ಲ. ಬೇರೆಯವರ ಪ್ರಯೋಗ ಮುಗಿದು ಸತ್ತ ಇಲಿಗಳ ಕಾಲಿನಲ್ಲಿ ನಾನು ಮೊದಲು ಅಭ್ಯಾಸ ಮಾಡಬಹುದಿತ್ತು. 1959ರಷ್ಟು ಹಿಂದೆಯೇ ರಸೆಲ್ ಮತ್ತು ಬರ್ಚ್ ಅನ್ನುವವರು ಮೂರು ಮಾತು ಬರೆದಿದ್ದರು: ಪ್ರಾಣಿಗೆ ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಫಾರ್ಮ್ ಬಿಯಲ್ಲಿ ಅದನ್ನು ನಾನೇ ಚಂದವಾಗಿ ಬರೆದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಮುಂದಿನ ಹತ್ತು ದಿನ ಸತ್ತ ಇಲಿಯ ಪಾದದಲ್ಲಿ ಅಭ್ಯಾಸ ಮಾಡಿದೆ, ಮೂರು ಸಲವೂ ಒಂದೇ ಅಂಕಿ ಬರುವವರೆಗೆ.

ನಿಜವಾದ ಪ್ರಯೋಗಕ್ಕೆ ದಿನ ಗೊತ್ತು ಮಾಡಿದ್ದೆವು. ಅದರ ಹಿಂದಿನ ರಾತ್ರಿ ಪಕ್ಕದ ರಸ್ತೆಯಲ್ಲಿ ಗಣೇಶನ ಮೆರವಣಿಗೆ. ತಮಟೆ, ಪಟಾಕಿ, ರಾತ್ರಿ ಹನ್ನೊಂದರವರೆಗೆ. ಬೆಳಿಗ್ಗೆ ನಾನು ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದರು. "ರಾತ್ರಿಯೆಲ್ಲ ಮೂಲೆ ಹಿಡಿದು ಕೂತಿವೆ ಕಣಮ್ಮ. ಮೇವು ಮುಟ್ಟಿಲ್ಲ. ಇವತ್ತು ಬೇಡ" ಅಂದರು. ನಾನು ಮೇಡಂಗೆ ಫೋನ್ ಮಾಡಿದೆ. ಅವರು ಒಂದು ಕ್ಷಣವೂ ಯೋಚಿಸದೆ ಒಂದು ವಾರ ಮುಂದಕ್ಕೆ ಹಾಕಿದರು. ಕಾರಣ ಕರುಣೆ ಮಾತ್ರ ಅಲ್ಲ. ಹೆದರಿದ ಇಲಿಯ ದೇಹದಲ್ಲಿ ಕಾರ್ಟಿಕೋಸ್ಟೆರೋನ್ ಏರುತ್ತದೆ. ಅದು ಊತ ಇಳಿಸುವ ಹಾರ್ಮೋನು. ಅಮ್ಮನಿಗೆ ಕಾಯಿಲೆ ಉಲ್ಬಣಿಸಿದಾಗ ಕೊಡುವ ಸ್ಟೆರಾಯ್ಡ್ ಮಾತ್ರೆಯೂ ಅದೇ ಜಾತಿಯದು. ಅವತ್ತು ಪ್ರಯೋಗ ಮಾಡಿದ್ದರೆ ಎಲ್ಲ ಇಲಿಗಳೂ ಔಷಧಿ ಕುಡಿದಂತೆಯೇ ಇರುತ್ತಿದ್ದವು. ಲಕ್ಕಿ ಎಲೆಯ ಗುಣ ಯಾವುದು, ಪಟಾಕಿಯ ಭಯ ಯಾವುದು ಅಂತ ಬಿಡಿಸಲು ಆಗುತ್ತಿರಲಿಲ್ಲ.

ಒಂದು ವಾರ ಬಿಟ್ಟು ಮಾಡಿದೆವು. ಒಂದು ಗುಂಪಿಗೆ ಬರೀ ನೀರಿನಂಥ ದ್ರಾವಣ. ಒಂದಕ್ಕೆ ಇಂಡೋಮೆಥಾಸಿನ್, ಊತ ಇಳಿಸುತ್ತದೆ ಅಂತ ಮೊದಲೇ ಗೊತ್ತಿರುವ ಔಷಧಿ. ಉಳಿದ ಎರಡಕ್ಕೆ ಲಕ್ಕಿ ಸಾರದ ಎರಡು ಡೋಸ್. ಯಾವ ಪಂಜರ ಯಾವ ಗುಂಪು ಅಂತ ನನಗೆ ಗೊತ್ತಿರಬಾರದು. ನನ್ನ ಗೆಳತಿ ಔಷಧಿ ಬಾಟಲಿಗಳಿಗೆ ಅಕ್ಷರ ಅಂಟಿಸಿ, ಗುಟ್ಟನ್ನು ಲಕೋಟೆಯಲ್ಲಿ ಹಾಕಿ ಮೇಡಂಗೆ ಕೊಟ್ಟಿದ್ದಳು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಅಜ್ಜಿಯ ಸೊಪ್ಪು ಗೆಲ್ಲಲಿ ಅಂತ ನನ್ನ ಮನಸ್ಸು ಒಳಗೊಳಗೇ ಬಯಸುತ್ತಿತ್ತು. ಆ ಆಸೆ ಕೈಗೆ ಇಳಿಯದಂತೆ ತಡೆಯಲು ಇದೊಂದೇ ದಾರಿ.

ಔಷಧಿ ಕೊಟ್ಟು ಒಂದು ಗಂಟೆಯಾದ ಮೇಲೆ ಚುಚ್ಚಿದೆ. ಮೊದಲ ಗಂಟೆಯಲ್ಲೇ ಪಾದ ಗುಲಾಬಿ ಬಣ್ಣದಿಂದ ಕೆಂಪಿಗೆ ತಿರುಗಿತು. ಹಿಸ್ಟಮಿನ್, ಸೆರಟೋನಿನ್ ಅನ್ನುವ ರಾಸಾಯನಿಕಗಳು ಬಿಡುಗಡೆಯಾಗಿ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ಬರುವುದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಹೊರಗೆ ಜಿನುಗುತ್ತದೆ, ಅದಕ್ಕೆ ಊತ. ಎರಡನೇ ಗಂಟೆ ದಾಟಿದ ಮೇಲೆ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳ ಸರದಿ. ನರಗಳನ್ನು ಚುರುಕು ಮಾಡಿ ನೋವು ಹೆಚ್ಚಿಸುವುದರಲ್ಲಿ ಇವುಗಳ ಪಾಲು ದೊಡ್ಡದು. ಬಿಳಿ ರಕ್ತಕಣಗಳೂ ಬಂದು ತುಂಬಿಕೊಳ್ಳುತ್ತವೆ. ಇದೆಲ್ಲ ಗಾಯ ಮಾಗಿಸಲು ದೇಹ ತಾನಾಗಿ ಮಾಡುವ ಕೆಲಸ. ಮುಳ್ಳು ಚುಚ್ಚಿದರೂ ಇದೇ ನಡೆಯುತ್ತದೆ. ಆದರೆ ಮುಳ್ಳಿನ ಊತ ನಿಲ್ಲುತ್ತದೆ, ಅಮ್ಮನ ಬೆರಳಿನದು ನಿಲ್ಲುವುದಿಲ್ಲ.

ಮೂರನೇ ಗಂಟೆಯಲ್ಲಿ ಊತ ಜಾಸ್ತಿ ಇತ್ತು. ಇಲಿಗಳು ಆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಕಣ್ಣು ಅರೆಮುಚ್ಚಿ, ಕಿವಿ ಹಿಂದಕ್ಕೆ ಮಡಚಿ ಕೂತಿದ್ದವು. ಮುಖ ನೋಡಿ ಇಲಿಯ ನೋವು ಅಳೆಯುವ ಪಟ್ಟಿಯೇ ಇದೆ. ನಾನು ಅದನ್ನು ತುಂಬುತ್ತಾ ಹೋದೆ. ಕೋಣೆ ಪೂರ್ತಿ ಸದ್ದಿಲ್ಲದೆ ಇತ್ತು. ಸಂಕಟದಲ್ಲಿ ಇಲಿ ಹೊರಡಿಸುವ ಕೂಗು ಸುಮಾರು 22 ಕಿಲೋಹರ್ಟ್ಸ್‌ನಲ್ಲಿರುತ್ತದೆ. ನಮ್ಮ ಕಿವಿಗೆ ಕೇಳುವುದು 20ರವರೆಗೆ ಮಾತ್ರ. ಅವು ಕೂಗುತ್ತಿದ್ದವೋ ಇಲ್ಲವೋ, ನನಗೆ ಕೇಳುವಂತಿರಲಿಲ್ಲ.

ಐದನೇ ಗಂಟೆಗೆ ಕೊನೆಯ ಅಳತೆ. ಆಮೇಲೆ ಅರಿವಳಿಕೆ ಔಷಧಿಯ ದೊಡ್ಡ ಡೋಸ್ ಕೊಟ್ಟು ಅವುಗಳ ಜೀವ ಮುಗಿಸಿದೆವು. ಮೇಡಂ ಮಾಡುತ್ತೇನೆ ಅಂದರು. ನಾನೇ ಮಾಡುತ್ತೇನೆ ಅಂದೆ. ಉಸಿರು ನಿಂತಿದೆ ಅಂತ ಖಾತ್ರಿಯಾಗುವವರೆಗೆ ಒಂದೊಂದನ್ನೂ ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ದೇಹಗಳು ಹಳದಿ ಚೀಲದಲ್ಲಿ ಸುಡಲು ಹೋದವು. ಅಣ್ಣ ಖಾಲಿ ಪಂಜರಗಳನ್ನು ತೊಳೆಯುವ ಮೊದಲು ಒಂದು ಕ್ಷಣ ಕೈ ಮುಗಿದರು. ಪ್ರತಿ ಸಲವೂ ಹಾಗೆ ಮಾಡುತ್ತಾರಂತೆ.

ಲಕೋಟೆ ಒಡೆದಾಗ ಗೊತ್ತಾಯಿತು: ಲಕ್ಕಿ ಸಾರದ ದೊಡ್ಡ ಡೋಸ್ ಮೂರನೇ ಗಂಟೆಯ ನಂತರ ಊತವನ್ನು ತಗ್ಗಿಸಿತ್ತು. ಇಂಡೋಮೆಥಾಸಿನ್‌ನಷ್ಟು ಅಲ್ಲ. ಸಣ್ಣ ಡೋಸ್ ಏನೂ ಮಾಡಿರಲಿಲ್ಲ. ನನಗೆ ಖುಷಿಯಾಯಿತು. ಅಮ್ಮನಿಗೆ ಫೋನ್ ಮಾಡಲು ಹೊರಟೆ. ಮೇಡಂ ತಡೆದರು. "ಏನಂತ ಹೇಳ್ತೀಯಾ?" ಅಂದರು.

ಆ ಪ್ರಶ್ನೆ ಹಿಡಿದುಕೊಂಡು ನಾನು ತಿಂಗಳುಗಟ್ಟಲೆ ಓದಿದೆ. ನನ್ನ ಇಲಿಯದು ಐದು ಗಂಟೆಯ ಊತ. ಅಮ್ಮನದು ವರ್ಷಗಳದ್ದು, ಮೂಳೆಯನ್ನೇ ಸವೆಸುವಂಥದ್ದು. ಅದಕ್ಕೆ ಹತ್ತಿರದ ಮಾದರಿ ಬೇರೆ ಇದೆ. 1977ರಲ್ಲಿ ಟ್ರೆಂಥಮ್ ಮತ್ತು ಜೊತೆಗಾರರು ಇಲಿಗಳಿಗೆ ಮೃದ್ವಸ್ಥಿಯ ಕೊಲಾಜನ್ ಅನ್ನುವ ಪ್ರೋಟೀನ್ ಚುಚ್ಚಿ, ಅವುಗಳ ದೇಹ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವಂತೆ ಮಾಡಿದರು. 1991ರಲ್ಲಿ ಗ್ರೀಸಿನ ಲ್ಯಾಬೊಂದರಲ್ಲಿ ಮನುಷ್ಯನ ಟಿಎನ್‌ಎಫ್ ಜೀನ್ ಸೇರಿಸಿದ ಸಣ್ಣ ಜಾತಿಯ ಇಲಿಗಳಿಗೆ ತಾನಾಗಿಯೇ ಕೀಲೂತ ಬಂತು. ಟಿಎನ್‌ಎಫ್ ಅಂದರೆ ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಒಂದು ಪ್ರೋಟೀನ್. ಅದನ್ನು ತಡೆದರೆ ಕೀಲು ಉಳಿಯಿತು. 1992ರಲ್ಲಿ ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ ಕೊಲಾಜನ್ ಇಲಿಗಳಲ್ಲಿ ಅದನ್ನೇ ತೋರಿಸಿದರು. ಅದೇ ವರ್ಷ ಟಿಎನ್‌ಎಫ್ ತಡೆಯುವ ಔಷಧಿಯನ್ನು ರೋಗಿಗಳಿಗೂ ಕೊಡಲು ಶುರುಮಾಡಿದರು. ಎಷ್ಟೋ ಜನರ ಕೈಕಾಲು ಮತ್ತೆ ಆಡತೊಡಗಿದವು.

ಆದರೆ ಇದೇ ಟಿಎನ್‌ಎಫ್ ಕಥೆಗೆ ಇನ್ನೊಂದು ಮುಖ ಇದೆ. 1985ರಲ್ಲಿ ಇಲಿಗಳಲ್ಲಿ, 1987ರಲ್ಲಿ ಬಬೂನ್ ಕೋತಿಗಳಲ್ಲಿ, ಟಿಎನ್‌ಎಫ್ ತಡೆದರೆ ಬ್ಯಾಕ್ಟೀರಿಯಾದ ನಂಜಿನಿಂದ ಸಾಯುವುದು ತಪ್ಪಿತ್ತು. ರಕ್ತ ನಂಜಾದ ರೋಗಿಗಳಿಗೂ ಇದು ಸಂಜೀವಿನಿ ಅಂದುಕೊಂಡರು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಭರವಸೆ ಕೈಗೂಡಲಿಲ್ಲ. ಪ್ರಯೋಗದಲ್ಲಿ ನಂಜು ಹಾಕುವ ಮೊದಲೋ, ಅದರ ಜೊತೆಗೋ ಔಷಧಿ ಕೊಡಬಹುದು. ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. 2013ರಲ್ಲಿ ಒಂದು ದೊಡ್ಡ ಅಧ್ಯಯನ, ಸುಟ್ಟಗಾಯ, ಪೆಟ್ಟು, ನಂಜುಗಳಲ್ಲಿ ಇಲಿಯ ಜೀನ್‌ಗಳು ಮನುಷ್ಯನ ಜೀನ್‌ಗಳ ಹಾಗೆ ವರ್ತಿಸುವುದಿಲ್ಲ ಅಂದಿತು. ಮರುವರ್ಷ ಜಪಾನಿನ ಇಬ್ಬರು ಅದೇ ಅಂಕಿಗಳನ್ನು ಬೇರೆ ರೀತಿ ಲೆಕ್ಕ ಹಾಕಿ, ಚೆನ್ನಾಗಿಯೇ ಹೋಲುತ್ತವೆ ಅಂದರು. ನಾನು ಎರಡನ್ನೂ ಮತ್ತೆ ಮತ್ತೆ ಓದಿದೆ. ಇಲಿ ಸುಳ್ಳು ಹೇಳುವುದಿಲ್ಲ. ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಾನು ಕೇಳಿದ್ದು ಐದು ಗಂಟೆಯ ಪ್ರಶ್ನೆ. ಅದೂ ಬಾಯಿಂದ ಕುಡಿಸಿದ ಸಾರದ ಬಗ್ಗೆ. ಅಜ್ಜಿ ಕಟ್ಟಿದ ಬಿಸಿ ಸೊಪ್ಪಿನ ಬಗ್ಗೆ ನಾನು ಏನೂ ಕೇಳಿರಲಿಲ್ಲ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಅದನ್ನು ಹಾಗೇ ಬರೆದೆ. 30 ಇಲಿಗಳು ಅಂತಲೂ ಬರೆದೆ. 24 ಅಂತ ಬರೆಯಬಹುದಿತ್ತು, ಬಹಳ ಜನ ಹಾಗೇ ಬರೆಯುತ್ತಾರೆ. ಆ ಆರನ್ನು ಬಿಡಲು ಮನಸ್ಸಾಗಲಿಲ್ಲ.

ಕಳೆದ ವರ್ಷ ಅಮ್ಮನಿಗೆ ಮಾತ್ರೆ ಸಾಲದಾಯಿತು. ಡಾಕ್ಟರು ಅಡಲಿಮುಮ್ಯಾಬ್ ಇಂಜೆಕ್ಷನ್ ಬರೆದರು. ಅದು ಟಿಎನ್‌ಎಫ್ ತಡೆಯುವ ಔಷಧಿಯೇ. 2014ರ ಕೊನೆಗೆ ನಮ್ಮ ದೇಶದಲ್ಲೇ ಅದರ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನು ಹೋಲುವ ಪ್ರತಿರೂಪ, ತಯಾರಾಗಿ ಬಂದಿದ್ದರಿಂದ ನಮ್ಮಂಥವರ ಕೈಗೆ ಕಷ್ಟಪಟ್ಟಾದರೂ ಎಟುಕುತ್ತದೆ. ಕೊಡುವ ಮೊದಲು ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಬೇಕು ಅಂದರು. ಅಮ್ಮನಿಗೆ ಗಾಬರಿಯಾಯಿತು. "ನನಗೆ ಟೀಬಿ ಯಾಕೆ ಬರುತ್ತೆ?" ಅಂದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ವಿವರಿಸಿದೆ. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ ಕ್ರಿಮಿ ಮಲಗಿರುತ್ತದೆ. ಅದನ್ನು ಸುತ್ತುಗಟ್ಟಿ ಹಿಡಿದಿಡುವುದರಲ್ಲಿ ಇದೇ ಟಿಎನ್‌ಎಫ್‌ನ ಕೈ ದೊಡ್ಡದು. 1995ರಲ್ಲಿ, ಟಿಎನ್‌ಎಫ್‌ನ ಸಂದೇಶ ಮುಟ್ಟದ ಇಲಿಗಳು ಕ್ಷಯಕ್ಕೆ ಬೇಗ ಬಲಿಯಾದದ್ದನ್ನು ನೋಡಿದ್ದರು. ಇದೇ ಬಗೆಯ ಇನ್ನೊಂದು ಔಷಧಿ ತೆಗೆದುಕೊಂಡ ರೋಗಿಗಳಲ್ಲಿ ಕ್ಷಯ ಎದ್ದದ್ದು 2001ರಲ್ಲಿ ವರದಿಯಾಯಿತು. ಅದಕ್ಕೇ ಈಗ ಮೊದಲೇ ಪರೀಕ್ಷೆ ಮಾಡುತ್ತಾರೆ. ಅಮ್ಮ ಸುಮ್ಮನೆ ಕೇಳಿಸಿಕೊಂಡಳು.

ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಈಗ ಎರಡು ವಾರಕ್ಕೊಂದು ಸಲ ನಾನೇ ಕೊಡುತ್ತೇನೆ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಆ ಡಬ್ಬಿ ಇರುತ್ತದೆ. ಚುಚ್ಚುವ ಅರ್ಧ ಗಂಟೆ ಮುಂಚೆ ಹೊರಗಿಟ್ಟು ತಣುಪು ಬಿಡಿಸಬೇಕು. ಮೂರನೇ ತಿಂಗಳಿಗೆ ಅಮ್ಮ ಮತ್ತೆ ಮುದ್ದೆ ಕೋಲು ಹಿಡಿದಳು. ಪೂರ್ತಿ ಅಲ್ಲ, ಅರ್ಧ ಅವಳು, ಅರ್ಧ ನಾನು.

ಹೋದ ಭಾನುವಾರ ಹೊಟ್ಟೆಯ ಚರ್ಮ ಒರೆಸಿ ಸೂಜಿ ಹಿಡಿದಿದ್ದೆ. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು: "ಆ ಇಲಿಗಳಿಗೂ ನನ್ನ ಹಾಗೆ ಬೆಳಿಗ್ಗೆ ಎದ್ದಾಗ ಕೀಲು ಬಿಗೀತಿತ್ತೇನೇ?"

"ಗೊತ್ತಿಲ್ಲಮ್ಮ" ಅಂದೆ. "ನನ್ನವು ಮಾರನೇ ಬೆಳಿಗ್ಗೆ ನೋಡಲಿಲ್ಲ."

ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. "ಸರಿ, ಕೊಡು" ಅಂದಳು.